ಕಂಬ ತಬ್ಬಿದ ನಾಜ್‌ಬೀಬಿ

ಮಸ್ಕತ್ತಿನ ಗಾಳಿಗೆ ಯಾವ ಬಾವುಟವೂ ಮೂರು ತಿಂಗಳು ಬಾಳುವುದಿಲ್ಲ. ಮೊದಲು ತುದಿಯ ಹೊಲಿಗೆ ಬಿಡುತ್ತದೆ, ಆಮೇಲೆ ನೂಲು ಎಳೆಎಳೆಯಾಗಿ ಹಾರಿಹೋಗುತ್ತದೆ. ಸುಮ್ಮನೆ ಬಿಟ್ಟರೆ ಒಂದು ದಿನ ಅರ್ಧ ಬಾವುಟ ಸಮುದ್ರದ ಪಾಲು. ಇಂಗ್ಲಿಷ್ ಸರ್ಕಾರದ ಕಚೇರಿಯಾದ ಏಜೆನ್ಸಿಯಲ್ಲಿ ಅದನ್ನು ಇಳಿಸಿಕೊಂಡು ಹೊಲಿದುಕೊಡುವ ಕೆಲಸ ಹದಿನಾರು ವರ್ಷದಿಂದ ನಾಜ್‌ಬೀಬಿಯದು. ಅಂಗಳದ ನಡುವಿನ ಬಾವುಟದ ಕಂಬದ ನೆರಳು ಎತ್ತ ಸರಿದರೆ ಅತ್ತ ಸರಿದು ಕೂತು ಅವಳು ಹೊಲಿಯುತ್ತಿದ್ದಳು. ಸೂಜಿ ತನ್ನಷ್ಟಕ್ಕೆ ತಾನು ಓಡುತ್ತಿತ್ತು. ಕಣ್ಣು ಮಾತ್ರ ಕಡಲ ಕಡೆಯ ಬಾಗಿಲಿನ ಮೇಲೆ.

ಬಡಗಣ ತೀರದಿಂದ, ಸುವೈಕ್ ಕಡೆಯಿಂದ, ಖರ್ಜೂರ ಹೇರಿಕೊಂಡು ಬರುವ ದೋಣಿಗಳೆಲ್ಲ ಆ ಬಾಗಿಲಿನ ಮುಂದೆಯೇ ಹಾಯಬೇಕು. ದೋಣಿಯಿಂದ ಇಳಿಯುವ ಪ್ರತಿ ಹುಡುಗಿಯ ಎತ್ತರವನ್ನು ಅವಳು ಮನಸ್ಸಿನಲ್ಲೇ ಅಳೆಯುತ್ತಿದ್ದಳು. ಈ ವರ್ಷ ನನ್ನ ಮಗಳು ಇಷ್ಟಿರಬೇಕು. ಇಲ್ಲ, ಇನ್ನೂ ಒಂದು ಬೆರಳು ಹೆಚ್ಚು. ತಲೆಗೆ ಎಣ್ಣೆ ಯಾರು ಹಚ್ಚುತ್ತಾರೋ? ಜ್ವರ ಬಂದರೆ ರಾತ್ರಿ ಎದ್ದು ನೀರು ಕೊಡುವವರು ಇದ್ದಾರೋ, ಇಲ್ಲವೋ?

ನಾಜ್‌ಬೀಬಿ ಹುಟ್ಟಿದ್ದು ಕಡಲಾಚೆಯ ಮಕ್ರಾನಿನಲ್ಲಿ, ಬಲೂಚರ ಮನೆಯಲ್ಲಿ. ಏಳು ವರ್ಷದವಳಿದ್ದಾಗ ಬಾವಿಯ ಬಳಿಯಿಂದ ಯಾರೋ ಎತ್ತಿ ದೋಣಿಗೆ ಹಾಕಿಕೊಂಡು ಬಂದು ಸುವೈಕಿನ ಖರ್ಜೂರ ತೋಟದ ಒಡೆಯನಿಗೆ ಮಾರಿದರು. ಆ ಮನೆಯ ಯಜಮಾನಿ ಅವಳಿಗೆ ಜಾಫರಾನಾ ಎಂದು ಹೆಸರಿಟ್ಟಳು. ದಾಸಿಯರಿಗೆ ಇಡುವ ಹೆಸರು ಅದು. ತೋಟಕ್ಕೆ ನೀರು ಕಟ್ಟುವ ಆಳಿನೊಂದಿಗೆ ಮದುವೆಯನ್ನೂ ಮಾಡಿಸಿದಳು. ಮಗಳು ಮರ್ಜಾನಾ ಹೊಟ್ಟೆಯಲ್ಲಿರುವಾಗಲೇ ಗಂಡ ಮರದ ಮೇಲಿಂದ ಬಿದ್ದು ಸತ್ತ.

ಮೊದಲ ಮಹಾಯುದ್ಧ ಮುಗಿದ ವರ್ಷ ಯಜಮಾನಿಯ ಕಣ್ಣಿಗೆ ಪೊರೆ ಬಂತು. ಔಷಧಿಗೆಂದು ಮಸ್ಕತ್ತಿಗೆ ಹೊರಟಾಗ ಕೈ ಹಿಡಿದು ನಡೆಸಲು ನಾಜ್‌ಬೀಬಿ ಜತೆಗೆ ಹೋಗಬೇಕಾಯಿತು. ನಾಲ್ಕು ವರ್ಷದ ಮರ್ಜಾನಾಳಿಗೆ ಆಗ ಮೈತುಂಬ ದಡಾರ. ಮಗುವನ್ನು ಅಡುಗೆಯವಳ ಮಗ್ಗುಲಲ್ಲಿ ಮಲಗಿಸಿ, ಕಿಟಕಿಗೆ ಗೋಣಿ ಕಟ್ಟಿ, ಹಣೆ ಮುಟ್ಟಿ ಮುಟ್ಟಿ ನೋಡಿ ಅವಳು ದೋಣಿ ಹತ್ತಿದಳು.

ಏಜೆನ್ಸಿಯ ಕಂಬದ ವಿಷಯ ಆ ತೀರದ ಅಡುಗೆಮನೆಗಳಲ್ಲೆಲ್ಲ ಗೊತ್ತಿತ್ತು. ಯಾರೇ ಆಗಲಿ, ಓಡಿಹೋಗಿ ಆ ಕಂಬವನ್ನು ತಬ್ಬಿಕೊಂಡರೆ ಮುಗಿಯಿತು, ಒಡೆಯ ಬಂದರೂ ಮುಟ್ಟುವಂತಿಲ್ಲ, ಬಿಡುಗಡೆಯ ಕಾಗದ ಸಿಗುತ್ತದೆ. ತಾಯಿ ತಬ್ಬಿದರೆ ಮಕ್ಕಳಿಗೂ ಬಂತು, ಸಾಹೇಬರ ಹಡಗೇ ಹೋಗಿ ಕರೆತರುತ್ತದೆ ಎಂದೂ ಹೇಳುತ್ತಿದ್ದರು. ಹೇಳುವವರಲ್ಲಿ ಯಾರೂ ತಬ್ಬಿ ನೋಡಿದವರಲ್ಲ.

ಮಸ್ಕತ್ತಿಗೆ ಬಂದ ಮೂರನೆಯ ಬೆಳಿಗ್ಗೆ ನೀರಿಗೆಂದು ಹೋದವಳು ಕೊಡವನ್ನು ದಾರಿಯಲ್ಲೇ ಇಟ್ಟು ಓಡಿದಳು. ಕಾವಲುಗಾರ ಲಾಲ್‌ಬಕ್ಷ ಅವಳು ಬರುವುದನ್ನು ಕಂಡು ಬೇಕೆಂದೇ ಮುಖ ತಿರುಗಿಸಿ ನಿಂತ. ಎರಡು ಕೈಯಲ್ಲೂ ಕಂಬ ತಬ್ಬಿ ಕೆನ್ನೆ ಒತ್ತಿದಾಗ ಅದು ಬಿಸಿಲಿಗೆ ಆಗಲೇ ಕಾದಿತ್ತು.

ಏಜೆನ್ಸಿಯ ಗುಮಾಸ್ತ ಮುನ್ಷಿ ಫಜಲ್‌ಭಾಯಿ ಕಾಗದ ಹಿಡಿದು ಬಂದ. ಕಚ್ಛ್ ಕಡೆಯವನು, ಮೆತ್ತನೆ ಮಾತಿನವನು. ಹೆಸರು, ತಂದೆಯ ಹೆಸರು, ಊರು ಎಲ್ಲವನ್ನೂ ಕೇಳಿ ಬರೆದುಕೊಂಡ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವಳು ನಾಜ್‌ಬೀಬಿ ಎಂಬ ಹೆಸರನ್ನು ಬಾಯಿಬಿಟ್ಟು ಹೇಳಿದಳು. ಬರೆದದ್ದೆಲ್ಲ ಆದಮೇಲೆ ಕೇಳಿದಳು:

“ಮಗಳು ಸುವೈಕಲ್ಲಿದಾಳೆ. ಹಡಗು ನಾಳೆ ಹೋಗತ್ತೋ, ನಾಡಿದ್ದೋ? ದಡಾರ ಎದ್ದಿದೆ, ಗಾಳಿಗೆ ಒಡ್ಡಬೇಡಿ ಅಂತ ಹೇಳಿ ಕಳಿಸಿ.”

ಮುನ್ಷಿ ಲೇಖನಿಯನ್ನು ಕೆಳಗಿಟ್ಟ.

“ಇದು ತಬ್ಬಿದವರಿಗೆ ಮಾತ್ರ ಕಣಮ್ಮ. ಅವಳದ್ದನ್ನ ಅವಳೇ ಬಂದು ತಬ್ಬಬೇಕು.”

ಹಾಗಾದರೆ ನನಗೆ ಬೇಡ, ಅಳಿಸಿ, ನಾನು ವಾಪಸು ಹೋಗುತ್ತೇನೆ ಎಂದಳು ನಾಜ್‌ಬೀಬಿ. ಮುನ್ಷಿ ಬಾಗಿಲ ಕಡೆ ನೋಡಿದ. ಅಲ್ಲಿ ಯಜಮಾನಿಯ ಇಬ್ಬರು ಆಳುಗಳು ಹಗ್ಗ ಹಿಡಿದು ಆಗಲೇ ಬಂದು ನಿಂತಿದ್ದರು. ಕಂಬ ಮುಟ್ಟಿ ಬಂದವಳಿಗೆ ತೋಟದಲ್ಲಿ ಕಾಲಿಗೆ ಕಬ್ಬಿಣ ಬೀಳುತ್ತದೆ, ಮಗುವಿನ ಹತ್ತಿರ ಯಾರೂ ಬಿಡುವುದಿಲ್ಲ. ಅದು ಅವಳಿಗೂ ಗೊತ್ತಿತ್ತು.

ಏಜೆನ್ಸಿಯ ಮುಖ್ಯಸ್ಥರಾದ ಆಗಿನ ರಾಜಕೀಯ ಏಜೆಂಟ್ ಸಾಹೇಬರು ಸುವೈಕಿನ ವಾಲಿಗೆ, ಅಂದರೆ ಸುಲ್ತಾನರ ಅಧಿಕಾರಿಗೆ, ಕಾಗದ ಬರೆಸಿದರು. ಮಗು ಮನೆಯಲ್ಲೇ ಹುಟ್ಟಿದ್ದು, ಸುಖವಾಗಿದೆ, ಬರಲು ಇಷ್ಟವಿಲ್ಲ ಎಂದು ಉತ್ತರ ಬಂತು. ನಾಲ್ಕು ವರ್ಷದ ಮಗುವಿನ ಇಷ್ಟವನ್ನು ಯಾರು ಕೇಳಿದರೋ! ಸಾಹೇಬರುಗಳು ವರ್ಷಕ್ಕೊಬ್ಬರು, ಎರಡು ವರ್ಷಕ್ಕೊಬ್ಬರು ಬದಲಾಗುತ್ತಿದ್ದರು. ಹೊಸಬರು ಬಂದಾಗಲೆಲ್ಲ ಅವಳು ಮತ್ತೆ ಮೊದಲಿಂದ ಕತೆ ಹೇಳುವಳು, ಅವರು ತಲೆ ತಗ್ಗಿಸಿ ಕೇಳುವರು, ಪರ್ಷಿಯಾದ ಬುಶೈರಿನಲ್ಲಿದ್ದ ಮೇಲಿನ ದೊಡ್ಡ ಸಾಹೇಬರಿಗೆ ಒಂದು ಕಾಗದ, ವಾಲಿಗೆ ಒಂದು ಕಾಗದ ಹೋಗುವುದು. ಉತ್ತರ ಮಾತ್ರ ಅದೇ. ನಾಲ್ಕನೆಯವರ ಕಾಲಕ್ಕೆ ಉತ್ತರವೂ ನಿಂತಿತು.

ತಾನೇ ಹೋಗಿಬಿಡುತ್ತೇನೆಂದು ಎಷ್ಟೋ ಸಲ ಗಂಟು ಕಟ್ಟಿದ್ದಳು. ಪ್ರತಿಸಲವೂ ಮುನ್ಷಿ ತಡೆದ. ಓದಲು ಬರುವವರ ಮುಂದೆ ಮಾತ್ರ ಅದು ಬಿಡುಗಡೆಯ ಕಾಗದ, ಸುವೈಕಿನ ದಂಡೆಯಲ್ಲಿ ಒಡೆಯನ ಮಕ್ಕಳ ಕೈಗೆ ಸಿಕ್ಕಿದರೆ ಅದು ಒಲೆಗೆ ಹಾಕುವ ಕಾಗದ ಎನ್ನುತ್ತಿದ್ದ.

ಉಳಿದದ್ದು ಅಂಗಿ ಹೊಲಿದು ಕಳಿಸುವುದೊಂದೇ. ಪ್ರತಿ ಈದ್‌ಗೆ ಒಂದು ಅಂಗಿ. ಅಳತೆ ಬರೀ ಅಂದಾಜು. ಬಾವಿಕಟ್ಟೆಯ ಹೆಂಗಸರು ಅಂಗಿಯನ್ನು ಎತ್ತಿಹಿಡಿದು ನಗುತ್ತಿದ್ದರು. “ಏನೇ ಇದು, ವರ್ಷಕ್ಕೊಂದು ಮೊಳ ಬೆಳೀತಾಳಾ ನಿನ್ನ ಮಗಳು? ಒಂಟೆ ಹೆತ್ತಿದೀಯಾ?” ಅವಳೂ ನಗುತ್ತಿದ್ದಳು. ದೋಣಿಯವರು ಕೊಂಡೊಯ್ಯುತ್ತಿದ್ದರು. ಅಂಗಿ ಮುಟ್ಟಿತೋ ಇಲ್ಲವೋ, ಹಿಡಿಸಿತೋ ಇಲ್ಲವೋ, ಬಂದು ಹೇಳಿದವರಿಲ್ಲ.

ಹದಿನಾರನೆಯ ವರ್ಷದ ಶಾಬಾನ್ ತಿಂಗಳಲ್ಲಿ ಒಂದು ಮಧ್ಯಾಹ್ನ ಲಾಲ್‌ಬಕ್ಷ ಬಂದು, ಯಾರೋ ಹೆಂಗಸು ಬಾಗಿಲಲ್ಲಿ ಕೇಳುತ್ತಿದ್ದಾಳೆ, ಒಳಗೆ ಬಾ ಎಂದರೆ ಬರುವುದಿಲ್ಲ ಎಂದ. ನಾಜ್‌ಬೀಬಿ ಸೂಜಿ ಚುಚ್ಚಿಟ್ಟು ಎದ್ದಳು.

ಬಾಗಿಲಾಚೆ ನಿಂತವಳು ಕುಳ್ಳಗೆ, ದುಂಡಗೆ, ಹೊಟ್ಟೆ ಮುಂದೆ ಬಂದ ಬಸುರಿ. ಕಾಲು ಊದಿಕೊಂಡು ಚಪ್ಪಲಿಯ ಪಟ್ಟಿ ಒತ್ತಿತ್ತು. ಯಾರ ಮನೆಯವಳೋ, ಈ ಬಿಸಿಲಲ್ಲಿ ಹೀಗೆ ಬಿಟ್ಟಿದ್ದಾರಲ್ಲ ಎಂದು ನಾಜ್‌ಬೀಬಿ ಅಂದುಕೊಂಡಳು.

“ಸುವೈಕಿನ ಜಾಫರಾನಾ ಅನ್ನೋರು ನೀವೇನಾ?”

“ಆ ಹೆಸರಿನವಳು ಇಲ್ಲಿ ಯಾರೂ ಇಲ್ಲ,” ಎಂದಳು ನಾಜ್‌ಬೀಬಿ ಬಿರುಸಾಗಿ. ಹೇಳಿದ ಮೇಲೆ ಅವಳ ಮುಖವನ್ನು ಮತ್ತೊಮ್ಮೆ ನೋಡಿದಳು. ಆ ಹೆಸರು ಹಿಡಿದು ಹುಡುಕಿ ಬರುವವರು ಲೋಕದಲ್ಲಿ ಎಷ್ಟು ಜನ ಇದ್ದಾರು? ಸಾವಿರ ಹುಡುಗಿಯರ ಎತ್ತರ ಅಳೆದವಳಿಗೆ ಎದುರಿಗೆ ನಿಂತ ಸ್ವಂತ ಮಗಳ ಗುರುತು ಸಿಕ್ಕಿರಲಿಲ್ಲ.

ಮರ್ಜಾನಾ ಒಳಗೆ ಬರಲೊಪ್ಪಲಿಲ್ಲ. ಇಬ್ಬರೂ ಹೊರಗೋಡೆಯ ನೆರಳಲ್ಲಿ ಕೂತರು. ನಾಜ್‌ಬೀಬಿ ನೀರು ತಂದುಕೊಟ್ಟಳು, ಖರ್ಜೂರ ಕೊಟ್ಟಳು, ತನ್ನ ಹೊದಿಕೆಯನ್ನು ಮಡಿಸಿ ಅವಳ ಸೊಂಟದ ಹಿಂದೆ ಇಟ್ಟಳು. ತಬ್ಬಿಕೊಳ್ಳಲು ಧೈರ್ಯವಾಗಲಿಲ್ಲ. ಮಗಳು ಹೇಳುತ್ತಾ ಹೋದಳು. ಯಜಮಾನಿ ಸತ್ತು ಮೂರು ವರ್ಷವಾಯಿತಂತೆ. ಸಾಯುವ ಮುಂಚೆ ಇಬ್ಬರು ಸಾಕ್ಷಿಗಳನ್ನು ಕೂರಿಸಿಕೊಂಡು, ಅಲ್ಲಾಹನ ಹೆಸರಲ್ಲಿ ನಿನ್ನನ್ನು ಬಿಟ್ಟಿದ್ದೇನೆ ಎಂದಳಂತೆ. ಹಾಗೆ ಬಿಡುವುದು ಆ ಕಡೆ ಪುಣ್ಯದ ಕೆಲಸ. ಆಮೇಲೆ ಸುವೈಕಿನಾಚೆ ದೂರದ ಸಹಮ್ ಊರಿನ ಒಬ್ಬ ಬಲೂಚ ಮೀನುಗಾರನಿಗೆ ಅವಳ ಮದುವೆಯಾಯಿತು. ಗಂಡನಿಗೆ ಎಲ್ಲ ಗೊತ್ತು, ಅತ್ತೆಗೆ ಏನೂ ಗೊತ್ತಿಲ್ಲ. ಚೊಚ್ಚಲ ಹೆರಿಗೆಗೆ ಹೆತ್ತ ತಾಯಿ ಬಂದು ನಲವತ್ತು ದಿನ ಬಾಣಂತನ ಮಾಡಬೇಕು, ಅದು ಅಲ್ಲಿಯ ಪದ್ಧತಿ. ಸತ್ತಿದ್ದರೆ ಸತ್ತಳೆನ್ನು, ಇದ್ದರೆ ಕರೆದುಕೊಂಡು ಬಾ ಎಂದು ಅತ್ತೆ ದಿನವೂ ಚುಚ್ಚುತ್ತಿದ್ದಳು.

“ಅಂಗಿ ಮುಟ್ತಾ?” ಎಂದು ನಾಜ್‌ಬೀಬಿ ನಡುವೆಯೇ ಕೇಳಿದಳು.

“ಮಸ್ಕತ್ತಿನ ವ್ಯಾಪಾರಿ ಕಳಿಸ್ತಾನೆ ಅಂತಿದ್ರು. ನೀನು ಅಂತ ಗೊತ್ತಾಗಿದ್ದು ಯಜಮಾನಿ ಸಾಯೋ ಮುಂಚೆ. ಎಲ್ಲಾನೂ ದೊಡ್ಡದಾಗ್ತಿತ್ತು, ಮಾರನೇ ವರ್ಷ ಹಾಕ್ಕೊತಿದ್ದೆ.”

ನಾಜ್‌ಬೀಬಿ ಅರ್ಧ ಕೇಳಿದಳು, ಅರ್ಧ ಕೇಳಲಿಲ್ಲ. ಎಷ್ಟು ತಿಂಗಳಾಯಿತು, ಈ ಊತ ಯಾವತ್ತಿನಿಂದ, ಏಳನೆಯ ತಿಂಗಳಲ್ಲಿ ದೋಣಿ ಹತ್ತು ಎಂದು ಯಾವ ಬುದ್ಧಿವಂತರು ಹೇಳಿದರು? ಕೊನೆಗೆ, ಹದಿನಾರು ವರ್ಷದಿಂದ ನಾಲಿಗೆಯ ತುದಿಯಲ್ಲಿದ್ದ ಮಾತು ಹೊರಬಂತು.

“ಬರ್ತೀನಿ. ಈಗ್ಲೇ ಬರ್ತೀನಿ. ಮೊದ್ಲು ನೀನು ಒಳಗೆ ಬಂದು ಕಂಬಕ್ಕೊಂದ್ಸಲ ಕೈ ಹಾಕು. ಮುನ್ಷಿ ಕಾಗದ ಬರ್ಕೊಡ್ತಾನೆ. ಸಾಕ್ಷಿ ಹೇಳಿದೋರು ನಾಳೆ ಸಾಯ್ತಾರೆ, ಕಾಗದ ಸಾಯಲ್ಲ. ನಿನಗೂ ಆಯ್ತು, ಹುಟ್ಟೋ ಕೂಸಿಗೂ ಆಯ್ತು.”

ಮರ್ಜಾನಾ ಖರ್ಜೂರದ ಬೀಜವನ್ನು ಉಗಿದಳು.

“ಅವ್ವ, ಆ ಕಂಬ ತಬ್ಬೋರು ಯಾರು? ದಾಸಿಯರು ತಾನೇ? ನಾನು ಕೈ ಹಾಕಿದ್ದನ್ನ ದೋಣಿಯೋನು ಒಬ್ಬ ಕಂಡ್ರೆ ಸಾಕು, ನಾಳೆ ಸಹಮ್ ತುಂಬ ಆಗತ್ತೆ. ಆಮೇಲೆ ನನ್ನ ಕೂಸಿಗೆ ಏನಂತಾರೆ ಹೇಳು.”

“ಕಾಗದ ಇದ್ರೆ...”

“ನನಗೆ ಬೇಡ. ನಿನ್ನ ಕಾಗದಾನೂ ತರಬೇಡ. ನಮ್ಮತ್ತೆ ಗಂಟು ಬಿಚ್ಚಿ ನೋಡೋಳು.”

ನಾಜ್‌ಬೀಬಿ ಅವಳ ಮೊಣಕೈ ಹಿಡಿದು ಮೆಲ್ಲಗೆ ಎಬ್ಬಿಸಲು ನೋಡಿದಳು. ಮರ್ಜಾನಾ ಕೈ ಕೊಸರಿಕೊಂಡಳು.

“ನೀನು ಅವತ್ತು ತಬ್ಬಿದ್ದು ಕಂಬಾನ. ನನ್ನನ್ನಲ್ಲ.”

“ನಿನ್ನನ್ನೂ ಸೇರಿಸಿ ತಬ್ಬಿದೆ ಅಂದ್ಕೊಂಡಿದ್ದೆ ಕಣೇ. ಅಡುಗೆಮನೇಲಿ ಎಲ್ರೂ ಹಾಗೇ ಹೇಳ್ತಿದ್ರು.”

ಇದು ಮಗಳಿಗೆ ಹೊಸ ಸುದ್ದಿ. ಮನೆಯಲ್ಲಿ ಯಾರೂ ಹೀಗೆ ಹೇಳಿರಲಿಲ್ಲ. ತಾಯಿ ತನ್ನ ಪ್ರಾಣ ಉಳಿಸಿಕೊಂಡು ಓಡಿದಳು ಎಂದಷ್ಟೇ ಹೇಳಿ ಬೆಳೆಸಿದ್ದರು. ಅವಳು ನಾಳೆ ಬೆಳಕು ಹರಿದಾಗ ದೋಣಿ ಹೊರಡುತ್ತದೆ ಎಂದಷ್ಟೇ ಹೇಳಿ, ಗೋಡೆಗೆ ಕೈ ಊರಿ ಕಷ್ಟಪಟ್ಟು ಎದ್ದಳು.

ಮುನ್ಷಿ ಬಹಳ ವಾದಿಸಿದ. ದೋಣಿ ಸುವೈಕಿನಲ್ಲಿ ಸರಕು ಹೇರಲು ನಿಂತೇ ನಿಲ್ಲುತ್ತದೆ, ಯಾರಾದರೂ ಗುರುತು ಹಿಡಿದರೆ ತನ್ನ ಕೈಯಲ್ಲಾಗಲಿ ಸಾಹೇಬರ ಕೈಯಲ್ಲಾಗಲಿ ಏನೂ ಇಲ್ಲ, ಕಾಗದವನ್ನಾದರೂ ಲಂಗದ ಅಂಚಿಗೆ ಹೊಲಿದುಕೋ ಎಂದ. ಅವಳು ಕೇಳಲಿಲ್ಲ. ಅವನು ಅದನ್ನು ತೆಗೆದು ತನ್ನ ಮೇಜಿನೊಳಗಿಟ್ಟ. ಬಾಗಿಲಲ್ಲಿ ಲಾಲ್‌ಬಕ್ಷ, ಇನ್ನು ಬಾವುಟ ಯಾರು ಹೊಲಿಯಬೇಕು, ಸಾಹೇಬರು ಹರಕು ಬಟ್ಟೆ ಹಾರಿಸಬೇಕಾ ಎಂದು ರೇಗಿಸಿದ.

“ನಿನ್ನ ಪೇಟ ಹಾರಿಸು. ಹೆಂಗೂ ತೊಳೆಯಲ್ಲ, ಗಾಳಿಯಾದ್ರೂ ತಗುಲ್ಲಿ,” ಎಂದು ಅವಳು ಮೆಟ್ಟಿಲಿಳಿದಳು.

ಎರಡನೆಯ ದಿನ ಮಧ್ಯಾಹ್ನ ದೋಣಿ ಸುವೈಕಿನ ದಂಡೆಗೆ ಹತ್ತಿತು. ಖರ್ಜೂರದ ತೋಪು ನೀರಿನಿಂದಲೇ ಕಾಣುತ್ತಿತ್ತು. ನಾಜ್‌ಬೀಬಿ ಮುಸುಕನ್ನು ಮೂಗಿನವರೆಗೆ ಎಳೆದುಕೊಂಡು ಮೂಟೆಗಳ ಸಂದಿಯಲ್ಲಿ ಕೂತಿದ್ದಳು. ಸರಕಿನ ಜತೆ ಮಂಡಿಯುದ್ದ ನೀರಲ್ಲಿ ನಡೆದು ಬಂದವನು ಯಜಮಾನಿಯ ಕಿರಿಯ ಮಗ ಸುಹೈಲ್. ಅವಳು ಸೊಂಟದ ಮೇಲೆ ಹೊತ್ತು ತಿರುಗಿದ ಹುಡುಗ. ಈಗ ಗಡ್ಡ ಬಂದಿತ್ತು. ಮರ್ಜಾನಾಳನ್ನು ಕಂಡು ದೋಣಿಯ ಅಂಚು ಹಿಡಿದು ನಿಂತು, ಗಂಡ ಹೇಗಿದ್ದಾನೆ, ಮೀನು ಹೇಗೆ ಬೀಳುತ್ತಿದೆ ಎಂದು ಮನೆಯವನಂತೆಯೇ ವಿಚಾರಿಸಿದ. ಆಮೇಲೆ ಅವನ ಕಣ್ಣು ಮೂಟೆಯ ಕಡೆ ಹೊರಳಿತು.

“ಇವರ್ಯಾರು?”

ನಾಜ್‌ಬೀಬಿ ಮುಸುಕನ್ನು ಇನ್ನಷ್ಟು ಎಳೆದುಕೊಂಡಳು. ಹಿಡಿದರೆ ಹಿಡಿಯಲಿ, ಒಂದೇ ಒಂದು ಸಲ ಈ ಹುಡುಗಿ ಬಾಯಿಬಿಟ್ಟು ನಮ್ಮವ್ವ ಅಂದುಬಿಡಲಿ. ಬೇಡ, ಅನ್ನದಿರಲಿ. ಎರಡೂ ಒಟ್ಟೊಟ್ಟಿಗೇ ಬೇಕೆನಿಸಿತು.

“ಬಾಣಂತನಕ್ಕೆ ಗೊತ್ತು ಮಾಡಿರೋ ಹೆಂಗಸು,” ಎಂದಳು ಮರ್ಜಾನಾ.

“ಅದಕ್ಕೆ ಮಸ್ಕತ್ತಿಗೆ ಹೋಗ್ಬೇಕಿತ್ತಾ? ಸುವೈಕಲ್ಲಿ ಹೆಂಗಸರು ಸತ್ತೋಗಿದಾರಾ?”

“ಇವರ ಕೈಗುಣ ಒಳ್ಳೇದಂತೆ ಅಣ್ಣ. ಅತ್ತೆ ಇವರೇ ಬೇಕು ಅಂದ್ರು.”

ಮಾತಾಡುತ್ತಿದ್ದ ಹಾಗೆಯೇ ಹೊದಿಕೆಯ ಅಡಿಯಿಂದ ಬಂದ ಅವಳ ಕೈ ನಾಜ್‌ಬೀಬಿಯ ಮಣಿಕಟ್ಟನ್ನು ಹಿಡಿಯಿತು. ಉಗುರು ನೆಡುವಷ್ಟು ಬಿಗಿ. ಸುಹೈಲ್ ಇನ್ನೊಮ್ಮೆ ನೋಡಿ, ನಕ್ಕು, ಹೆರಿಗೆ ಸುಸೂತ್ರವಾಗಲಿ ಎಂದು ಹಾರೈಸಿ ಮೂಟೆ ಎಣಿಸಲು ಹೋದ.

ಹಾಯಿ ಎತ್ತಿದರು. ಸುವೈಕಿನ ತೋಪು ಗೆರೆಯಾಯಿತು, ಗೆರೆಯೂ ಅಳಿಸಿತು. ಮರ್ಜಾನಾ ಹಿಡಿದ ಕೈ ಬಿಡಲಿಲ್ಲ, ಈ ಕಡೆ ತಿರುಗಿ ನೋಡಲೂ ಇಲ್ಲ. ಬಹಳ ಹೊತ್ತಿನ ಮೇಲೆ ನಾಜ್‌ಬೀಬಿ ಕೇಳಿದಳು:

“ಒದೀತಿದೆಯಾ?”

“ಹ್ಞೂಂ. ಬೆಳಿಗ್ಗೆಯಿಂದ.”

ಆ ಹೊಟ್ಟೆಯ ಮೇಲೆ ಅಂಗೈ ಇಟ್ಟು ನೋಡಬೇಕೆಂದು ಅವಳಿಗೆ ಆಸೆಯಾಯಿತು. ಇನ್ನೊಂದು ಕೈ ಅಲ್ಲಿಯವರೆಗೆ ಎಟುಕುತ್ತಿರಲಿಲ್ಲ. ಹಿಡಿತದಲ್ಲಿದ್ದ ಕೈಯನ್ನು ಬಿಡಿಸಿಕೊಳ್ಳಲು ಮನಸ್ಸು ಬರಲಿಲ್ಲ.