ಕುಂಬಳದ ಪೀಚು ಮತ್ತು ನನ್ನ ಬೆರಳು

ಮಧುಗಿರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಜ್ಜಿಯನ್ನು ನೆನೆದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಹಿತ್ತಲಲ್ಲಿ ನಾನು ಮೊದಲ ಸಲ ಹಾಕಿದ್ದ ಸಿಹಿಗುಂಬಳದ ಪೀಚುಗಳೆಲ್ಲ ಹಳದಿಯಾಗಿ ಉದುರುತ್ತಿದ್ದವು. "ಪೀಚಿಗೆ ಬೆರಳು ತೋರಿಸ್ಬ್ಯಾಡ ಕಣಮ್ಮ, ಕೊಳ್ತೋಯ್ತದೆ" ಎಂದು ಅಜ್ಜಿ ಕಾಂಪೌಂಡಿನಾಚೆಯಿಂದ ದಿನಾ ಕೂಗುವಳು. ಬೀದಿಯವರೆಲ್ಲ ನನ್ನ ಬೆರಳನ್ನೇ ನೋಡುವರು. ನಾನು ಹಟ ಹಿಡಿದು ಗೊಬ್ಬರ ಸುರಿದೆ. ಪೀಚು ಉದುರುವುದು ನಿಲ್ಲಲಿಲ್ಲ.

ಒಂದು ಬೆಳಿಗ್ಗೆ ನೋಡಿದರೆ ಅಜ್ಜಿ ನಮ್ಮ ಹಿತ್ತಲಲ್ಲೇ ನಿಂತು ಹೂ ಕೀಳುತ್ತಿದ್ದಾಳೆ! "ಯಾಕಜ್ಜಿ ನನ್ನ ಹೂ ಕಿತ್ತೆ?" ಎಂದು ಬೆರಳು ಚಾಚಿ ಕಿರುಚಿದೆ. ಅಜ್ಜಿ ಆ ಗಂಡು ಹೂವನ್ನು ಹೆಣ್ಣು ಹೂವಿನೊಳಗೆ ಮೆಲ್ಲಗೆ ಉಜ್ಜಿದಳು. ಕಾಯಿ ಕಟ್ಟಿಸುವುದು ಹಾಗೆಂದು ನನಗೆ ಅಂದೇ ಗೊತ್ತಾದದ್ದು. ಆಮೇಲೆ ನನ್ನ ಬೆರಳು ಹಿಡಿದು ಮಡಚಿದಳು.

ಆ ಹೆಣ್ಣು ಹೂವಿನ ಬುಡದ ಪೀಚು ಉದುರದೆ ನಿಂತು ಬಿಂದಿಗೆಯಷ್ಟು ದಪ್ಪವಾಯಿತು. "ಬೆರಳು ಮಡಚಿಸ್ದೆ ನೋಡು, ನಿಂತ್ಕಂತು" ಎಂದು ಅಜ್ಜಿ ಬೀದಿಗೆಲ್ಲ ಸಾರಿದಳು. ಹೂವಿನ ಮಾತೇ ಎತ್ತಲಿಲ್ಲ.