ಬಸವಕುಮಾರನ ಕೇಸು, ಕಾವ್ಯಳ ಫೋನು

ನಮ್ಮ ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ ಬಸವಕುಮಾರನಿಗೆ ಕುರ್ಚಿ ಎಂದರೆ ಆಗದು. ಕುಂತ ಮರುಗಳಿಗೆ ಎದ್ದು ಅತ್ತಿಂದಿತ್ತ ಅಡ್ಡಾಡತೊಡಗಿದರೆ ನೋಡುವವರ ಕುತ್ತಿಗೆ ನೋಯಬೇಕು. ಅವನ ಗಿರಣಿಯ ಪಕ್ಕದಲ್ಲೇ ನನ್ನ ಗೋಣಿಚೀಲದ ಅಂಗಡಿ ಇರುವುದರಿಂದ ಅವನ ಜಗಳಗಳಿಗೆಲ್ಲ ನಾನು ಪುಕ್ಕಟೆ ಜೊತೆಗಾರ. ಹಿಂದೊಮ್ಮೆ ಕೆಟ್ಟ ಮೋಟಾರು ಮಾರಿದ ವ್ಯಾಪಾರಿಯನ್ನು ಗ್ರಾಹಕರ ಆಯೋಗಕ್ಕೆ ಎಳೆದು, ಸುಟ್ಟ ಮೋಟಾರನ್ನೇ ಟೆಂಪೊದಲ್ಲಿ ಹೇರಿಕೊಂಡು ಹೋಗಿ ತೋರಿಸಿ ಗೆದ್ದು ಬಂದಿದ್ದ. ಹಾಳು ಮಾಡಿದವನು ಕಟ್ಟಿಕೊಡಲೇಬೇಕು ಎಂಬುದು ಅಂದಿನಿಂದ ಅವನ ಹಟ.

ಹೋದ ವರ್ಷ ಅವನ ಮನೆಯಲ್ಲಿ ಹಾಳಾದದ್ದು ಮಗಳು ಕಾವ್ಯಳ ಜೀವ. ಹೀಗೆ ಹೇಳಲು ನನಗೆ ಸಂಕಟವಾಗುತ್ತದೆ, ಆದರೆ ಆದದ್ದು ಅದೇ. ಪಿಯುಸಿ ಓದುವ ಹುಡುಗಿ, ಸದಾ ನಗುತ್ತಿದ್ದವಳು, ರೀಲ್ಸ್ ಆ್ಯಪಿನೊಳಗೆ ಬಿದ್ದಳು. ಮುಖ ಬೆಳ್ಳಗೆ ಮಾಡುವ ಫಿಲ್ಟರು, ತೆಳ್ಳಗಾಗುವ ದಾರಿ, ಅದರ ಕೆಳಗೆ ಯಾರ್‍ಯಾರೋ ಬರೆದ ಹೊಲಸು ಮಾತು. ಉಣ್ಣುವುದು ಬಿಟ್ಟಳು, ನಿದ್ದೆ ಬಿಟ್ಟಳು, ಕನ್ನಡಿಗೆ ಟವೆಲ್ ಮುಚ್ಚಿದಳು. ಕೊನೆಗೆ ಕಾಲೇಜಿನ ಬಸ್ಸಿನಲ್ಲಿ ಎಚ್ಚರ ತಪ್ಪಿ ಬಿದ್ದಳು. ಬಳ್ಳಾರಿಯ ಮನೋವೈದ್ಯರು ಇದು ಕಾಯಿಲೆ, ಹುಡುಗಿಯ ಹಟವಲ್ಲ ಎಂದು ಬಿಡಿಸಿ ಹೇಳಿದರು. ಅಂದೇ ಬಸವಕುಮಾರ ಅವಳ ಫೋನನ್ನು ಗಿರಣಿಗೆ ಒಯ್ದು, ಹೊಟ್ಟು ಉರಿಯುವ ಬಾಯ್ಲರಿನ ಒಲೆಗೆ ಎಸೆದ. ಓಣಿಗೆ ಓಣಿಯೇ ಭೇಷ್ ಅಂದಿತು. ನಾನೂ ಅಂದೆ.

ಗುಳಿಗೆ, ಸಮಾಧಾನದ ಮಾತು, ತಾಯಿ ಗಂಗಾಂಬಿಕಾಳ ತಾಳ್ಮೆ, ಇವುಗಳಿಂದ ಕಾವ್ಯ ನಿಧಾನವಾಗಿ ತಟ್ಟೆಗೆ ಕೈ ಹಾಕಿದಳು. ಮಗಳು ಚೇತರಿಸಿಕೊಂಡಂತೆ ಅಪ್ಪನಿಗೆ ಸಿಟ್ಟು ಹೆಚ್ಚಾಯಿತು. ಕಂಪನಿಯ ಮೇಲೆ ಕೇಸು ಹಾಕುತ್ತೇನೆಂದು ನನ್ನನ್ನು ಬೈಕಿಗೆ ಹತ್ತಿಸಿಕೊಂಡು ಹೊಸಪೇಟೆಯ ವಕೀಲೆ ಶ್ರೀವಾಣಿಯವರ ಕಚೇರಿಗೆ ಹೋದ.

"ಹಾಕಬಹುದ್ರಿ," ಎಂದರು ಶ್ರೀವಾಣಿ. "ಗ್ರಾಹಕರ ಆಯೋಗಕ್ಕ ದೂರು ಕೊಡಬಹುದು, ಸಿವಿಲ್ ಕೋರ್ಟಿನೊಳಗ ಪರಿಹಾರ ಕೇಳಬಹುದು, ಮಕ್ಕಳ ಹಕ್ಕುಗಳ ಆಯೋಗಕ್ಕೂ ಬರೀಬಹುದು. ಆದ್ರ ಸಲೀಸು ಅಂತ ತಿಳ್ಕೋಬ್ಯಾಡ್ರಿ. ಆ್ಯಪ್ ಪುಕ್ಕಟೆ ಕೊಟ್ಟೀವಿ, ನೀವು ಗ್ರಾಹಕರ ಅಲ್ಲ ಅಂತ ವಾದ ಮಾಡ್ತಾರ. ನಿಮ್ಮ ಮಗಳ ಕಾಯಿಲೆಗೆ ನಾವು ಹೆಂಗ ಕಾರಣ ಅಂತಾರ. ಅದಕ್ಕ ಡಾಕ್ಟರ್ ಕಾಗದ ಬೇಕು, ಆಕಿ ಫೋನೂ ಬೇಕು. ಏನು ತೋರಿಸಿದ್ರು, ಎಷ್ಟು ಹೊತ್ತು ನೋಡಿದಳು, ಎಲ್ಲಾ ಅದರಾಗ ಸಿಗ್ತೈತಿ. ಫೋನ್ ಎಲ್ಲೈತ್ರಿ?"

ಬಸವಕುಮಾರ ನನ್ನ ಮುಖ ನೋಡಿದ. ನಾನು ತಿರುಗುವ ಫ್ಯಾನು ನೋಡಿದೆ.

"ಬಾಯ್ಲರ್‌ನಾಗ ಒಗದೀನ್ರಿ," ಎಂದ.

ಸುಟ್ಟ ಮೋಟಾರನ್ನು ಜೋಪಾನ ಮಾಡಿದ್ದ ಮಹಾರಾಯ ಫೋನನ್ನು ತಾನೇ ಸುಟ್ಟು ಕುಂತಿದ್ದ. ಶ್ರೀವಾಣಿ ಬೈಯಲಿಲ್ಲ. ಅಕೌಂಟು ಇನ್ನೂ ಇರುತ್ತದೆ, ಬೇರೆ ಫೋನಿನಿಂದ ಕಾವ್ಯ ಲಾಗಿನ್ ಆದರೆ ಹಳೆಯದನ್ನೆಲ್ಲ ತೆಗೆಯಬಹುದು, ಆದರೆ ಮೊದಲು ಡಾಕ್ಟರನ್ನು ಕೇಳಬೇಕು ಎಂದರು. ಇವನು ಅರ್ಧ ಮಾತಿಗೇ ಮೆಟ್ಟಿಲಿಳಿದಿದ್ದ. ಕೆಳಗಿನ ಅಂಗಡಿಯಲ್ಲಿ ಅವನು ಹೊಸ ಫೋನು ಕೊಳ್ಳುವಾಗ ನಾನು, "ಡಾಕ್ಟರ್‌ಗೆ ಒಂದ್ ಮಾತು ಕೇಳೋ," ಎಂದೆ.

"ಐದು ನಿಮಿಷದ ಕೆಲಸಕ್ಕ ಡಾಕ್ಟರ್ ಯಾಕಲೇ?" ಎಂದು ಗದರಿದ. ಕಂಪ್ಲಿ ಮುಟ್ಟುವವರೆಗೆ ಅವನ ಬೆನ್ನಿಗೊಂದು ಗುದ್ದಬೇಕೆನಿಸುತ್ತಲೇ ಇತ್ತು.

ಕಾವ್ಯ ಪಡಸಾಲೆಯಲ್ಲಿ ತಾಯಿಯೊಂದಿಗೆ ಅವರೆಕಾಯಿ ಸುಲಿಯುತ್ತಿದ್ದಳು. ಅಪ್ಪ ಫೋನನ್ನು ಅವಳ ಕೈಗಿಟ್ಟು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಗಂಗಾಂಬಿಕಾ ಸುಲಿಯುವುದನ್ನು ನಿಲ್ಲಿಸಿದಳು. ಹುಡುಗಿ ಕೈ ಒರೆಸಿಕೊಂಡು ಫೋನು ತಿರುಗಿಸಿ ನೋಡಿದಳು.

"ಒಳಗ ಹೋದ್ರ ಹೊರಗ ಬರಾಕ ಆಗ್ತೈತೋ ಇಲ್ಲೋ ಗೊತ್ತಿಲ್ಲಪ್ಪ," ಎಂದಳು. "ನೀ ಹೇಳಿದ್ರ ಹೋಗ್ತೀನಿ."

ಅವಳ ಹೆಬ್ಬೆರಳು ಆಗಲೇ, ಇನ್ನೂ ಏನೂ ಇಲ್ಲದ ಗಾಜಿನ ಮೇಲೆ ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು. ಅದು ಅವಳಿಗೆ ಗೊತ್ತಿರಲಿಲ್ಲ, ನಮಗೆ ಮೂವರಿಗೂ ಕಂಡಿತು.

"ಕೊಡವ್ವ ಇಲ್ಲಿ," ಎಂದು ಅವನು ಕೈ ಚಾಚಿದ.

ಅವಳು ಫೋನು ಚಾಚಿದಳು, ಆದರೆ ಹಿಡಿತ ಸಡಿಲವಾಗಲಿಲ್ಲ. ಅವನು ನೆಲಕ್ಕೆ ಕೂತು ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಆಮೇಲೆ ಕುಂತಲ್ಲಿಂದಲೇ ತನ್ನ ಫೋನಿನಿಂದ ಶ್ರೀವಾಣಿಯವರಿಗೆ ಹಚ್ಚಿದ.

"ಮೇಡಂ, ಡಾಕ್ಟರ್ ಕಾಗದ ಅದಾವು, ನಾನೂ ಆಕಿ ಅವ್ವನೂ ಬಂದು ಸಾಕ್ಷಿ ಹೇಳ್ತೀವಿ. ಫೋನ್ ಸುಟ್ಟಿದ್ದೂ ಬರೀರಿ. ಇಷ್ಟರ ಮ್ಯಾಲೆ ಕೇಸ್ ಹಾಕ್ರಿ."

"ಇಷ್ಟರ ಮ್ಯಾಲೆ ಸೋಲಬಹುದ್ರಿ," ಎಂದು ಶ್ರೀವಾಣಿ ಅಂದದ್ದು ನಮಗೂ ಕೇಳಿಸಿತು.

"ಸೋಲ್ತೀನ್ರಿ," ಎಂದ ಬಸವಕುಮಾರ, ಮಗಳ ಕೈ ಹಿಡಿದುಕೊಂಡೇ. "ಮಗಳ್ನ ಮಾತ್ರ ತಿರುಗಿ ಅಲ್ಲಿಗೆ ಕಳಸಂಗಿಲ್ಲ."