ಲೈನ್ ಬಿಡಿ

೨೦೦೩ರಲ್ಲಿ ನಾನು ಅಂಕೋಲಾದಲ್ಲಿ ವಿದ್ಯುತ್ ಇಲಾಖೆಯ ಜೂನಿಯರ್ ಇಂಜಿನಿಯರ್ ಆಗಿದ್ದೆ. ನಮ್ಮ ದಿನ ನಡೆಯುತ್ತಿದ್ದುದೇ ‘ಲೈನ್’ ಎಂಬ ಶಬ್ದದ ಮೇಲೆ. ತಂತಿಗೂ ಲೈನ್, ಅದರಲ್ಲಿ ಹರಿಯುವ ಕರೆಂಟಿಗೂ ಲೈನ್. ಬಿಲ್ ಕಟ್ಟುವವರು ನಿಲ್ಲುವುದು ಲೈನಿನಲ್ಲಿ, ದೂರು ಹೇಳುವವರಿಗೆ ಸಿಗದೇ ಇರುವುದು ಫೋನಿನ ಲೈನು. ಕಾಲೇಜು ಹುಡುಗರು ಹೊಡೆಯುವ ಲೈನ್ ಬೇರೆಯೇ. ಇಷ್ಟು ಅರ್ಥಗಳಿದ್ದರೂ ಯಾರೂ ತಪ್ಪು ತಿಳಿದದ್ದನ್ನು ನಾನು ಕಂಡಿರಲಿಲ್ಲ.

ಆ ವರ್ಷ ಮಳೆಗಾಲದ ಕೊನೆಗೆ ಬೀಸಿದ ಗಾಳಿಗೆ ಕಡಲ ದಡದ ಬೆಳಂಬಾರದಲ್ಲಿ ತೆಂಗಿನಮರ ಬಿದ್ದು ಹನ್ನೊಂದು ಸಾವಿರ ವೋಲ್ಟಿನ ತಂತಿ ತುಂಡಾಯಿತು. ಮರುದಿನ ಬೆಳಿಗ್ಗೆ ಸಬ್‌ಸ್ಟೇಷನ್ನಿನಿಂದ ‘ಲೈನ್ ಕ್ಲಿಯರ್’ ಪಡೆದೆ. ಅಂದರೆ, ಕೆಲಸ ಮುಗಿಯಿತೆಂದು ನಾನು ಹೇಳುವ ತನಕ ಆ ತಂತಿಗೆ ಕರೆಂಟ್ ಹಾಯಿಸುವಂತಿಲ್ಲ. ಲೈನ್‌ಮನ್ ಬೀರಪ್ಪ ಕಬ್ಬಿಣದ ಕಂಬ ಹತ್ತಿದ.

ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯುತ್ತ ಬಂತು. ಅಲ್ಲಿ ಮೊಬೈಲ್ ಸಿಗುತ್ತಿರಲಿಲ್ಲ. ಹತ್ತಿರದ ಅಂಗಡಿಯ ಫೋನಿನಿಂದ ಸಬ್‌ಸ್ಟೇಷನ್ನಿನ ಆಪರೇಟರ್ ಗಣಪತಿಗೆ ಹೇಳಿದೆ: “ಸುರಕ್ಷತೆಗೆ ಹಾಕಿದ ಅರ್ಥಿಂಗ್ ತೆಗೆದಾಯ್ತು. ಇನ್ನೊಂದು ಬೋಲ್ಟ್...”

ಫೋನು ಗರಗರ ಅನ್ನುತ್ತಿತ್ತು. ನನ್ನ ಬೆನ್ನಿಗೆ ಮೀನುಗಾರರ ಮನೆಯ ಮಾದೇವಿ ಕಾಯುತ್ತ ನಿಂತಿದ್ದಳು. ಅವಳ ಗಂಡ ಗಾಳಿಗೆ ಮುಂಚೆ ದೋಣಿ ತೆಗೆದುಕೊಂಡು ಹೋದವನು ಬಂದಿರಲಿಲ್ಲ. ದೋಣಿ ಆಶ್ರಯಕ್ಕೆ ಕಾಳಿ ನದಿಯೊಳಗೆ ಸೇರಿಕೊಂಡಿದೆಯೋ ಎಂದು ನದಿಯ ದಡದ ಕೋಡಿಬಾಗದಲ್ಲಿದ್ದ ತನ್ನ ಅಣ್ಣನನ್ನು ಫೋನಿನಲ್ಲಿ ಕೇಳಬೇಕಿತ್ತು. ತಾಳ್ಮೆ ಮುಗಿದು ನನ್ನ ಕಿವಿಯ ಬಳಿಯೇ ಕೂಗಿದಳು. “ಲೈನ್ ಬಿಡ್ರಾ ಒಡೆಯಾ, ಲಗೂ ಲೈನ್ ಬಿಡ್ರಾ.”

ಆಚೆಯಿಂದ ಗಣಪತಿ, “ಆಯ್ತು, ಬಿಡ್ತೆ” ಎಂದ. ಫೋನು ಕಟ್ಟಾಯಿತು.

ನಮ್ಮಲ್ಲಿ ಲೈನ್ ಬಿಡುವುದೆಂದರೆ ಕರೆಂಟ್ ಹಾಯಿಸುವುದು. ಗರಗರದ ನಡುವೆ ಅವಳ ಕೂಗನ್ನೇ ಅವನು ನನ್ನ ಮಾತೆಂದು ತಿಳಿದಿದ್ದ. ಮತ್ತೆ ಡಯಲ್ ಮಾಡಿದೆ, ಎಂಗೇಜ್. ಅವನು ಯಾರ್ಡಿಗೆ ಹೋಗಿ ಸ್ವಿಚ್ ಜೋಡಿಸಿ ಬರುವಷ್ಟೇ ಸಮಯ ಉಳಿದಿತ್ತು. ರಿಸೀವರನ್ನು ಮಾದೇವಿಯ ಕೈಗೆ ತುರುಕಿ ಓಡಿದೆ.

“ಬೀರಪ್ಪಾ, ಇಳಿ” ಎಂದು ಕೂಗಿದೆ. ಕಡಲ ಗಾಳಿ ಮಾತನ್ನು ಹೊತ್ತುಕೊಂಡು ಹೋಯಿತು. ಅವನು ಬೋಲ್ಟಿನ ಮೇಲೆ ಸ್ಪ್ಯಾನರ್ ಇಟ್ಟು ತಿರುಗಿಸುತ್ತಲೇ ಇದ್ದ. ಕಲ್ಲೊಂದನ್ನು ಎತ್ತಿ ಕಂಬಕ್ಕೆ ಹೊಡೆದೆ, ಮತ್ತೆ ಹೊಡೆದೆ. ಕರೆಂಟ್ ಈಗ ಬಂದರೆ ನನಗೂ ತಗಲುತ್ತದೆ ಎಂಬುದು ಗೊತ್ತಿತ್ತು. ಆದರೂ ಕೈ ನಿಲ್ಲಲಿಲ್ಲ. ಕಂಬದ ಅದುರು ಕಾಲಿಗೆ ತಾಗಿ ಅವನು ಕೆಳಗೆ ನೋಡಿದ. ನನ್ನ ಮುಖದಲ್ಲಿ ಏನು ಕಂಡನೋ, ಬೆಲ್ಟ್ ಬಿಚ್ಚಿದವನೇ ಜಾರಿಕೊಂಡು ಇಳಿದ.

ಇಬ್ಬರೂ ಕಂಬ ಬಿಟ್ಟು ಹಿಂದೆ ಸರಿದಿದ್ದೆವು, ಅಷ್ಟೇ. ಅಂಗಡಿಯ ಫ್ಯಾನ್ ತಿರುಗಿತು. ಮೇಲೆ, ಬಿಗಿಯದ ಬೋಲ್ಟಿನಿಂದ ನೀಲಿ ಕಿಡಿ ಚಟಚಟ ಸಿಡಿಯಿತು.

ಬೀರಪ್ಪ ಮರಳಿನ ಮೇಲೆ ಕೂತುಬಿಟ್ಟ. “ನನ್ ಕೈ ಅಲ್ಲೇ ಇತ್ತಲ್ರಾ ಸಾಹೇಬ್ರೆ” ಎಂದ.

ಮಾದೇವಿ ಅಂಗಡಿಯಿಂದ ಬಂದಳು. ದೋಣಿ ಕೋಡಿಬಾಗದಲ್ಲಿ ಸುರಕ್ಷಿತವಾಗಿತ್ತು. ಆ ಸುದ್ದಿ ಹೇಳಬೇಕೆಂದಿದ್ದವಳು ಕಿಡಿ ನೋಡಿ, ಬೀರಪ್ಪನನ್ನು ನೋಡಿ, ಸಂಗತಿ ತಿಳಿದು ಬಿಳಿಚಿಕೊಂಡಳು. “ನಾ ಫೋನಿನ್ ಲೈನ್ ಬಿಡೂಕೆ ಹೇಳಿದ್ದೆ” ಎಂದು ಅವನ ಪಕ್ಕದಲ್ಲೇ ಕುಸಿದು ಅತ್ತಳು. ಬೀರಪ್ಪನೇ ಅವಳನ್ನು ಸಮಾಧಾನ ಮಾಡಿದ.

ಅಂದಿನಿಂದ ನಮ್ಮ ಸೆಕ್ಷನ್ನಿನಲ್ಲಿ ಮಾತಾಡುವವರು ತಮ್ಮ ಹೆಸರು ಹೇಳಿ, ‘ಕರೆಂಟ್ ಹಾಯಿಸಿ’ ಎಂದು ಪೂರ್ತಿ ಹೇಳುವುದು, ಕೇಳಿದವರು ಅದನ್ನೇ ತಿರುಗಿ ಹೇಳುವುದು ಕಡ್ಡಾಯವಾಯಿತು. ಬಾಯಿಂದ ಹೊರಟ ಮಾತಿಗಿಂತ ಆಚೆಯ ಕಿವಿಗೆ ಬಿದ್ದ ಮಾತೇ ಕೆಲಸ ಮಾಡುತ್ತದೆ ಎಂಬುದನ್ನು ನಾನು ಕಲಿತೆ. ನಿವೃತ್ತನಾದ ಮೇಲೂ ಯಾರಾದರೂ ಫೋನಿನಲ್ಲಿ ‘ಸರಿ’ ಎಂದರೆ, “ಏನು ಸರಿ? ಒಮ್ಮೆ ಹೇಳಿ” ಎನ್ನುತ್ತೇನೆ. ಹೆಂಡತಿಗೆ ಸಿಟ್ಟು ಬರುತ್ತದೆ. ಬರಲಿ.